ಕಣ್ಣಿಗೆ ಪಾಠವೂ ಒಂದೇ, ಕಾರ್ಟೂನೂ ಒಂದೇ

‘ಕಾರ್ಟೂನ್ ಅಲ್ಲ ಬಿಡಿ, ರೈಮ್ಸ್ ನೋಡ್ತಿದಾಳೆ. ಏನೋ ಒಂದಿಷ್ಟು ಕಲೀಲಿ.’ ಮಗುವಿನ ತಟ್ಟೆಯ ಮುಂದೆ ಮೊಬೈಲ್ ಒರಗಿಸಿಟ್ಟು ತುತ್ತು ಹಾಕುತ್ತಿರುವ ಅಪ್ಪನೋ ಅಜ್ಜಿಯೋ ಮನೆಗೆ ಬಂದವರಿಗೆ ಹೀಗೆ ಸಮಜಾಯಿಷಿ ಕೊಡುವುದು ಈಗ ಎಲ್ಲೆಡೆ ಮಾಮೂಲು. ಆಟಕ್ಕೆ ಹಿಡಿದ ಮೊಬೈಲಿಗೆ ಗದರಿಕೆ, ಪಾಠಕ್ಕೆ ಹಿಡಿದ ಮೊಬೈಲಿಗೆ ರಿಯಾಯಿತಿ. ಈ ರಿಯಾಯಿತಿಗೆ ಆಧಾರ ಇದೆಯೇ ಎಂಬುದನ್ನು ಪರೀಕ್ಷಿಸಿ ನೋಡಿದವರಿದ್ದಾರೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರಿಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಎಲ್ಲರೂ ನೆನೆಯುವಂಥದ್ದು. ಇಂಗ್ಲಿಷ್ ಮಾತ್ರ ಕೇಳಿ ಬೆಳೆದಿದ್ದ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಭಾಷೆ ಬಲ್ಲವರು ನೆಲದ ಮೇಲೆ ಕೂತು, ಪುಸ್ತಕ ಓದಿ, ಆಟಿಕೆ ತೋರಿಸಿ ಮಾತಾಡಿದರು. ಒಂದೊಂದು ಸಲಕ್ಕೆ 25 ನಿಮಿಷ, ಒಟ್ಟು 12 ಸಲ. ಅಷ್ಟಕ್ಕೇ ಆ ಕೂಸುಗಳು ಚೀನೀ ಭಾಷೆಯ ಸೂಕ್ಷ್ಮ ಧ್ವನಿಗಳನ್ನು ಆ ಭಾಷೆಯಲ್ಲೇ ಬೆಳೆಯುತ್ತಿದ್ದ ತೈವಾನಿನ ಮಕ್ಕಳಷ್ಟೇ ಚೆನ್ನಾಗಿ ಗುರುತಿಸತೊಡಗಿದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಪುಸ್ತಕ, ಅದೇ ಮಾತು, ಆದರೆ ಎಲ್ಲವೂ ವಿಡಿಯೊದಲ್ಲಿ. ಅವುಗಳ ಕಲಿಕೆ? ಚೀನೀ ಭಾಷೆಯನ್ನೇ ಕೇಳದ ಮಕ್ಕಳಿಗಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಲ್ಲ.

2010ರಲ್ಲಿ ಜೂಡಿ ಡೆಲೋಚ್ ಎಂಬ ಮನೋವಿಜ್ಞಾನಿಯ ತಂಡ ಇಂಥದ್ದೇ ಪರೀಕ್ಷೆಯನ್ನು ಮನೆಗಳಲ್ಲೇ ನಡೆಸಿ ನೋಡಿತು. ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಹೊಸ ಪದ ಕಲಿಸುತ್ತೇವೆಂದು ಹೇಳಿಕೊಂಡು ಭರ್ಜರಿಯಾಗಿ ಮಾರಾಟವಾಗುತ್ತಿದ್ದ ಡಿವಿಡಿಯೊಂದನ್ನು ನಾಲ್ಕು ವಾರ ತೋರಿಸಿದರು. ನೋಡಿದ ಮಕ್ಕಳು ನೋಡದ ಮಕ್ಕಳಿಗಿಂತ ಹೆಚ್ಚೇನೂ ಕಲಿಯಲಿಲ್ಲ. ಎಲ್ಲರಿಗಿಂತ ಮುಂದಿದ್ದವರು ವಿಡಿಯೊ ಇಲ್ಲದ ಒಂದು ಗುಂಪಿನವರು. ಆ ಮಕ್ಕಳ ಅಪ್ಪ ಅಮ್ಮಂದಿರಿಗೆ ಪದಗಳ ಪಟ್ಟಿ ಕೊಟ್ಟು, ನಿಮಗೆ ತೋಚಿದಂತೆ ಕಲಿಸಿ ಎಂದಷ್ಟೇ ಹೇಳಲಾಗಿತ್ತು. ನನಗೆ ಹೆಚ್ಚು ಸ್ವಾರಸ್ಯ ಅನ್ನಿಸಿದ್ದು ಅದರಲ್ಲಿನ ಇನ್ನೊಂದು ಸಂಗತಿ: ಡಿವಿಡಿಯನ್ನು ಮೆಚ್ಚಿಕೊಂಡ ಹೆತ್ತವರು ತಮ್ಮ ಮಗು ಅದರಿಂದ ಬಹಳ ಕಲಿತಿದೆ ಎಂದೇ ನಂಬಿದ್ದರು. ಮಗು ಕಲಿಯಿತೋ ಇಲ್ಲವೋ ಎಂಬುದಕ್ಕೆ ನಮ್ಮ ಸಂತೋಷ ಸಾಕ್ಷಿಯಾಗಲಾರದು. ಈ ಅಧ್ಯಯನಕ್ಕೆ ಒಂದು ವರ್ಷ ಮೊದಲೇ, 2009ರಲ್ಲಿ, ಪುಟ್ಟ ಮಕ್ಕಳಿಗೆಂದೇ ಮಾರುತ್ತಿದ್ದ ‘ಬೇಬಿ ಐನ್‌ಸ್ಟೈನ್’ ಡಿವಿಡಿ ಕೊಂಡವರಿಗೆ ಹಣ ವಾಪಸ್ ಕೊಡಲು ಡಿಸ್ನಿ ಕಂಪನಿ ಮುಂದಾಗಿತ್ತು.

ಹಾಗಾದರೆ ಪರದೆಯಲ್ಲಿ ಇಲ್ಲದ್ದು ಏನು? ಮರುಮಾತು. ಮಗು ‘ಬೌ ಬೌ’ ಎಂದರೆ ‘ಹೌದಲ್ಲ, ನಾಯಿ! ಎಲ್ಲಿ ಓಡ್ತು?’ ಎಂದು ತಕ್ಷಣ ಕೇಳುವವರು ಅಲ್ಲಿಲ್ಲ. 2014ರ ಒಂದು ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಎರಡು, ಎರಡೂವರೆ ವರ್ಷದ ಮಕ್ಕಳು ಮೊದಲೇ ರೆಕಾರ್ಡ್ ಮಾಡಿದ ವಿಡಿಯೊದಿಂದ ಹೊಸ ಕ್ರಿಯಾಪದಗಳನ್ನು ಕಲಿಯಲಿಲ್ಲ. ವಿಡಿಯೊ ಕಾಲ್‌ನಲ್ಲಿ ತಮ್ಮೊಡನೆ ಮಾತಾಡಿದವರಿಂದ ಕಲಿತರು. ಪರದೆ ಎರಡರಲ್ಲೂ ಇತ್ತು, ಉತ್ತರ ಬಂದದ್ದು ಒಂದರಲ್ಲಿ ಮಾತ್ರ. ಎರಡು ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನೇ ಬೇಡ ಎನ್ನುವ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಬಂಧುಗಳ ವಿಡಿಯೊ ಕಾಲ್‌ಗೆ ವಿನಾಯಿತಿ ಕೊಟ್ಟಿದೆ. ನ್ಯೂಜೆರ್ಸಿಯ ಮೊಮ್ಮಗನಿಗೆ ಹುಬ್ಬಳ್ಳಿಯ ಅಜ್ಜಿ ಫೋನಿನಲ್ಲೇ ಕಥೆ ಹೇಳಿದರೆ ಯಾರ ತಕರಾರೂ ಇಲ್ಲ.

ಮೂರು ದಾಟಿದ ಮೇಲೆ ಚಿತ್ರ ಬದಲಾಗುತ್ತದೆ. ಅಮೆರಿಕದಲ್ಲಿ 1969ರಿಂದ ಬರುತ್ತಿರುವ ‘ಸೆಸಮಿ ಸ್ಟ್ರೀಟ್’ನಂಥ, ಶಿಕ್ಷಣ ತಜ್ಞರು ಕೂತು ರೂಪಿಸಿದ ಕಾರ್ಯಕ್ರಮಗಳಿಂದ ಮಕ್ಕಳು ಅಕ್ಷರ, ಎಣಿಕೆ ಕಲಿತಿದ್ದಾರೆ. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತು ಮಾತಾಡುತ್ತಿದ್ದರೆ ಇನ್ನೂ ಒಳ್ಳೆಯದು. ತೊಡಕಿರುವುದು ‘ಎಜುಕೇಶನಲ್’ ಎಂಬ ಹಣೆಪಟ್ಟಿಯಲ್ಲಿ. ಅದನ್ನು ಆ್ಯಪ್ ತಯಾರಿಸಿದವರೇ ಅಂಟಿಸಿಕೊಳ್ಳುತ್ತಾರೆ, ಪರೀಕ್ಷೆ ಮಾಡಿ ಕೊಡುವವರು ಯಾರೂ ಇಲ್ಲ. ಐದು ವರ್ಷದೊಳಗಿನವರಿಗಾಗಿ ಮಾಡಿದ 135 ಆ್ಯಪ್‌ಗಳನ್ನು ಮಿಷಿಗನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಜಾಲಾಡಿದಾಗ ಶೇ 95ರಲ್ಲಿ ಒಂದಲ್ಲ ಒಂದು ಬಗೆಯ ಜಾಹೀರಾತು ಸಿಕ್ಕಿತು. ಮಗು ಏನನ್ನೂ ಕೊಳ್ಳದಿದ್ದರೆ ಕಣ್ಣೀರಿಡುವ ಬೊಂಬೆಯೂ ಅವುಗಳಲ್ಲಿತ್ತು.

ಇದು ಮಿದುಳಿನ ಮಾತಾಯಿತು. ಕಣ್ಣಿನ ಲೆಕ್ಕ ಬೇರೆ. ಪರದೆಯಲ್ಲಿರುವುದು ಮಗ್ಗಿಯೋ ‘ಮೋಟು ಪತ್ಲು’ ಕಾರ್ಟೂನೋ ಎಂಬುದು ಕಣ್ಣುಗುಡ್ಡೆಗೆ ತಿಳಿಯದು. ಗಂಟೆಗಟ್ಟಲೆ ಹತ್ತಿರದ್ದನ್ನೇ ನೋಡುತ್ತ, ಬಿಸಿಲಿಗೆ ಬರದೆ ಬೆಳೆಯುವ ಮಗುವಿನ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುವ ಸಂಭವ ಹೆಚ್ಚು. ಆಗ ದೂರದ್ದು ಮಸುಕು. ಅದೇ ಸಮೀಪದೃಷ್ಟಿ. ಹೊರಗಿನ ಬೆಳಕು ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುವಂತೆ ಮಾಡಿ ಈ ಹಿಗ್ಗುವಿಕೆಯನ್ನು ತಡೆಯುತ್ತದೆ ಎಂಬುದು ತಜ್ಞರ ವಿವರಣೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 30, ಉಳಿದ ಶಾಲೆಗಳಲ್ಲಿ ಸುಮಾರು 40. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಚೆಂಡು ಕೊಂಡರೆ ಲಾಭ ಜಾಸ್ತಿ. ಅಂಥ ಕನ್ನಡಕ ಕಣ್ಣಿನ ಆಯಾಸ ಇಳಿಸುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ನಿದ್ದೆಯೂ ಹಾಗೆಯೇ. ರಾತ್ರಿಯ ಬೆಳಕು ನಿದ್ದೆಗೆ ಸಜ್ಜುಗೊಳಿಸುವ ಮೆಲಟೋನಿನ್ ಹಾರ್ಮೋನಿನ ಸ್ರವಿಕೆಯನ್ನು ತಗ್ಗಿಸುತ್ತದೆ. ಮಕ್ಕಳ ಕಣ್ಣಿನ ಮಸೂರ ತಿಳಿಯಾಗಿರುವುದರಿಂದ ಅವರಿಗೆ ಪೆಟ್ಟು ಹೆಚ್ಚು.

ಮಿತಿ ಎಷ್ಟು? ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕೊರೊನಾ ಕಾಲದಲ್ಲಿ ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಆನ್‌ಲೈನ್ ತರಗತಿ ಸಾಕೆಂದಿತು. ನಮ್ಮ ರಾಜ್ಯ ಸರ್ಕಾರ 2020ರ ಜೂನ್‌ನಲ್ಲಿ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನೇ ನಿಷೇಧಿಸಿತ್ತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಶಾಲೆಯೇ ಮುಚ್ಚಿದ್ದಾಗ ಅದು ಸರಿಯಾದ ಆದೇಶವೇ. ಆದರೆ ಶಾಲೆ ತೆರೆದು ಇಷ್ಟು ವರ್ಷವಾದರೂ ಹೋಂವರ್ಕ್ ವಾಟ್ಸ್ಆ್ಯಪ್‌ನಲ್ಲೇ ಉಳಿದುಬಿಟ್ಟಿದೆ.

ಗಂಟೆ ಎಣಿಸುವುದಕ್ಕಿಂತ ಕಷ್ಟದ್ದು ನಿಲ್ಲಿಸುವುದು. ‘ಇನ್ನೆರಡೇ ನಿಮಿಷ’ ಎಂದು ಮುನ್ಸೂಚನೆ ಕೊಟ್ಟರೆ ರಗಳೆ ಕಡಿಮೆಯಾದೀತೆಂದು ನಾವೆಲ್ಲ ಭಾವಿಸುತ್ತೇವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ ಅಂಥ ಎಚ್ಚರಿಕೆ ಕೊಟ್ಟ ಮನೆಗಳಲ್ಲೇ ಪುಟ್ಟ ಮಕ್ಕಳ ಹಟ ಹೆಚ್ಚಿತ್ತು. ಪಾಠವೋ ಕಥೆಯೋ ತಾನಾಗಿ ಮುಗಿದ ಕಡೆ ನಿಲ್ಲಿಸಿದಾಗ ಮಕ್ಕಳು ಸಲೀಸಾಗಿ ಎದ್ದರು. ಆದ್ದರಿಂದ ಆಟೋಪ್ಲೇ ಆರಿಸಿಡಿ. ನಿಮಿಷದ ಬದಲು ‘ಎರಡು ಕಥೆ’ ಎಂದು ಒಪ್ಪಂದ ಮಾಡಿಕೊಳ್ಳಿ. ಫೋನಿಗಿಂತ ಹಜಾರದ ಟಿವಿ ವಾಸಿ: ದೂರವೂ ಇರುತ್ತದೆ, ನಾಲ್ಕು ಜನರ ಮಾತೂ ಬೀಳುತ್ತದೆ. ಊಟದ ಹೊತ್ತಿಗೂ ಮಲಗುವ ಮುಂಚಿನ ಒಂದು ಗಂಟೆಗೂ ಪಾಠದ ವಿಡಿಯೊ ಕೂಡ ಬೇಡ. ನೋಡಿ ಮುಗಿಸಿದ ಮೇಲೆ ‘ಏನಾಯ್ತು ಹೇಳು’ ಎಂದು ಕೇಳಿ.

ಶಾಲೆಗಳಲ್ಲೂ ಒಂದು ಬಿನ್ನಹ. ಐದನೇ ತರಗತಿವರೆಗಿನ ಮಕ್ಕಳ ಹೋಂವರ್ಕನ್ನು ಡೈರಿಯಲ್ಲೇ ಬರೆಸಿ ಕಳಿಸಿ. ವಿಡಿಯೊ ತೋರಿಸಲೇಬೇಕಾದ ಪಾಠವಿದ್ದರೆ ತರಗತಿಯಲ್ಲೇ, ಟೀಚರ್ ಜೊತೆಗಿದ್ದು, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ತೋರಿಸಲಿ.