ಬಾಳಿನ ತಿರುವುಗಳೂ ಆಪ್ತಸಲಹೆಯೂ

ಪರಿವರ್ತನೆಯು ಜೀವನದ ಸಹಜಧರ್ಮವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಅದು ನಮ್ಮ ಮನೆಯ ಹೊಸ್ತಿಲನ್ನೇ ದಾಟಿ ಬಂದಾಗ ಈ ಅರಿವು ಹೆಚ್ಚಿನ ಪ್ರಯೋಜನಕ್ಕೆ ಬಾರದು. ಹುಟ್ಟಿದ ಊರನ್ನು ತೊರೆದು ಮಹಾನಗರವನ್ನು ಸೇರುವುದು, ತಂದೆಯು ನಿವೃತ್ತರಾಗುವುದು, ಅಕ್ಕನ ಮದುವೆ, ಅಜ್ಜನ ಮರಣ—ಇವುಗಳಲ್ಲಿ ಕೆಲವು ಸುಖದವು, ಕೆಲವು ದುಃಖದವು. ಆದರೂ ಮನಸ್ಸಿಗೆ ಇವೆಲ್ಲವೂ ಭಾರವೇ.

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕೆಯ ವೈದ್ಯರು ಇಂಥ 43 ಘಟನೆಗಳ ಪಟ್ಟಿಯೊಂದನ್ನು ಪ್ರಕಟಿಸಿ, ಒಂದೊಂದಕ್ಕೂ ಹೊಂದಿಕೊಳ್ಳಲು ಬೇಕಾಗುವ ಶ್ರಮಕ್ಕೆ ಅಂಕಗಳನ್ನು ಕೊಟ್ಟರು. ಪತಿ ಅಥವಾ ಪತ್ನಿಯ ಮರಣಕ್ಕೆ 100, ವಿವಾಹಕ್ಕೆ 50, ನಿವೃತ್ತಿಗೆ 45, ಶಾಲೆಯನ್ನು ಬದಲಿಸುವುದಕ್ಕೆ 20. ಮದುವೆಯಂಥ ಮಂಗಳಕಾರ್ಯವು ಈ ಪಟ್ಟಿಯಲ್ಲಿರುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಮಗಳನ್ನು ಕಳುಹಿಸಿಕೊಟ್ಟ ತಾಯಂದಿರಿಗೆ ಎನಿಸಲಾರದು. (ಅಂಕಗಳು ಅಮೆರಿಕೆಯವು, ನಮ್ಮ ಕೂಡುಕುಟುಂಬಗಳ ಲೆಕ್ಕ ಬೇರೆಯಾದೀತು.)

ಇಂಥ ಸಮಯದಲ್ಲಿ ನುರಿತವರು ನೀಡುವ ನೆರವಿಗೆ ಕನ್ನಡದಲ್ಲಿ ‘ಆಪ್ತಸಲಹೆ’ ಎಂಬ ಹೆಸರು ರೂಢಿಯಾಗಿದೆ. ಈ ಪದದಲ್ಲಿ ಸಲಹೆಗಿಂತ ಆಪ್ತತೆಯೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಬರಿಯ ಸಲಹೆ ಕೊಡುವವರಿಗೆ ನಮ್ಮಲ್ಲಿ ಎಂದೂ ಬರಗಾಲವಿರಲಿಲ್ಲ. ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞರು 1942ರ ತಮ್ಮ ಗ್ರಂಥದಲ್ಲಿ ಇದನ್ನೇ ಪ್ರತಿಪಾದಿಸಿದರು: ಬಂದವನಿಗೆ ದಾರಿಯನ್ನು ವಿಧಿಸಬಾರದು, ತಪ್ಪೊಪ್ಪುಗಳ ತೀರ್ಪನ್ನು ಕೊಡದೆ ಕೇಳಿದರೆ ಅವನೇ ತನ್ನ ದಾರಿಯನ್ನು ಕಂಡುಕೊಳ್ಳಬಲ್ಲನು.

ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ವರ್ಷದ ನಡುವೆ ನಮ್ಮ ಏಳನೆಯ ತರಗತಿಯನ್ನು ಸೇರಿದ ಬಾಲಕನೊಬ್ಬನನ್ನು ಊಹಿಸಿಕೊಳ್ಳೋಣ. ಚಾಳಿನ ಒಂದೇ ಕೋಣೆಯಲ್ಲಿ ವಾಸ. ಹೊರಗೆ ಕಾಲಿಟ್ಟರೆ ತಿಳಿಯದ ಮರಾಠಿ. ಪ್ರತಿ ಸೋಮವಾರ ಬೆಳಿಗ್ಗೆ ಅವನಿಗೆ ಹೊಟ್ಟೆನೋವು. ‘ಮನಸ್ಸು ಗಟ್ಟಿಮಾಡಿಕೊ, ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ ಹಿರಿಯರು. ಅಧ್ಯಾಪಕರಾದ ನಾವೂ ಎಷ್ಟೋ ಮಕ್ಕಳಿಗೆ ಇದನ್ನೇ ಹೇಳಿ ಕಳುಹಿಸಿದ್ದೇವೆಂದು ಒಪ್ಪಿಕೊಳ್ಳಬೇಕು. ಹಾಗೆ ಹೇಳಿಸಿಕೊಂಡ ಮಗುವು ಮತ್ತೆ ಬಾಯಿ ಬಿಡುವುದಿಲ್ಲ.

ಆಪ್ತಸಲಹೆಗಾರರಾದರೋ, ‘ಊರಿನಲ್ಲಿ ಸಂಜೆ ಹೊತ್ತು ಏನು ಮಾಡುತ್ತಿದ್ದೆ?’ ಎಂದು ಕೇಳಿ ಸುಮ್ಮನೆ ಕಾಯುತ್ತಾರೆ. ಎರಡನೆಯ ಭೇಟಿಯಲ್ಲೋ ಮೂರನೆಯದರಲ್ಲೋ ಮಾತು ಹೊರಡುತ್ತದೆ. ಅಜ್ಜಿಯು ಅಲ್ಲಿ ಒಬ್ಬಳೇ ಉಳಿದಿದ್ದಾಳೆಂಬುದು ಅವನ ಚಿಂತೆ. ತನ್ನ ಮಾತಿನ ಧಾಟಿಯನ್ನು ಕೇಳಿ ತರಗತಿಯೆಲ್ಲವೂ ನಕ್ಕಿತೆಂಬುದು ಅವನ ಅಪಮಾನ. ಹೆಸರಿಲ್ಲದ ಒಂದು ದೊಡ್ಡ ಸಂಕಟವು ಹೀಗೆ ಹೆಸರುಳ್ಳ ಎರಡು ನೋವುಗಳಾಗುತ್ತದೆ. ಮೊದಲನೆಯದಕ್ಕೆ ದಿನವೂ ಅಜ್ಜಿಯೊಡನೆ ದೂರವಾಣಿಯಲ್ಲಿ ಐದು ನಿಮಿಷ ಮಾತನಾಡುವ ಏರ್ಪಾಡಾಗಬಹುದು. ಎರಡನೆಯದಕ್ಕೆ, ಆರನ್ ಬೆಕ್ ಎಂಬ ಅಮೆರಿಕೆಯ ವೈದ್ಯರು 1960ರ ದಶಕದಲ್ಲಿ ರೂಪಿಸಿದ ವಿಧಾನದಂತೆ, ಆ ಭಾವನೆಯನ್ನೇ ಪರೀಕ್ಷೆಗೆ ಒಡ್ಡಬಹುದು: ನಕ್ಕವರು ಯಾರಾರು? ಲೆಕ್ಕ ಹಾಕಿದರೆ ಇಬ್ಬರು. ನಗದವರಲ್ಲಿ ಒಬ್ಬನೊಡನೆ ನಾಳೆ ಊಟದ ಬಿಡುವಿನಲ್ಲಿ ಕುಳಿತುಕೊಳ್ಳುವುದು—ಆ ವಾರಕ್ಕೆ ಅಷ್ಟೇ ಕೆಲಸ. ಊರಿನ ಹಂಬಲವು ಇದರಿಂದ ಅಳಿಯದು, ಅಳಿಯಬೇಕಾಗಿಯೂ ಇಲ್ಲ.

ಮನೋಚಿಕಿತ್ಸೆಯು ಇದಕ್ಕಿಂತ ದೀರ್ಘವೂ ಗಾಢವೂ ಆದುದು. ಎರಡರ ನಡುವಣ ಗೆರೆಯು ಮಾತ್ರ ಅಷ್ಟು ಸ್ಪಷ್ಟವಲ್ಲ. ಹೋದ ಕೆಲಸವನ್ನಾಗಲಿ, ಅಗಲಿದವರನ್ನಾಗಲಿ ಇವು ಮರಳಿ ತಂದುಕೊಡಲಾರವು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಅನ್ನ ಸೇರದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರೆ ಒಂದು ದಿನವೂ ತಡಮಾಡಬಾರದು. ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ಪ್ರಾಣಾಪಾಯವಿದ್ದಾಗ ಮಾತ್ರ ಮನೆಯವರಿಗೆ ತಿಳಿಸುವುದು ಅನಿವಾರ್ಯ.

ಹಣವಿಲ್ಲವೆಂದು ಹಿಂಜರಿಯುವವರಿಗೆ ಒಂದು ಮಾತು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಎಂಬ ಉಚಿತ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.