ಸುಟ್ಟ ಎಳೆಗೋಳಿ, ಜೊತೆಗೆ ಹಸಿ ಪಚಡಿ
ಕಬ್ಬೂರ ಭಾಗದ ರೈತ ಕುಟುಂಬಗಳಿಗೆ ಕೆಲವು ಸಲಹೆಗಳು

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಅನೇಕ ಕುಟುಂಬಗಳು ತೋಟದಲ್ಲಿಯೇ ಮನೆ ಕಟ್ಟಿಕೊಂಡು ವಾಸವಾಗಿವೆ. ಮನೆಯ ಮುಂದೆ ಕಬ್ಬು, ಹಿತ್ತಲಲ್ಲಿ ಹತ್ತೆಂಟು ಜವಾರಿ ಕೋಳಿ, ಬಾವಿಯ ಬದಿಗೆ ಒಂದೆರಡು ಮಡಿ ಮೆಂತ್ಯ, ಮೂಲಂಗಿ, ಕೊತಂಬರಿ. ಬೀಗರು ಬಂದ ದಿನ ಎಳೆಯ ಹುಂಜವನ್ನು ಕೆಂಡದ ಮೇಲೆ ಸುಟ್ಟು, ಜೋಳದ ರೊಟ್ಟಿ ಮತ್ತು ಪಚಡಿಯೊಡನೆ ಬಡಿಸಿದರೆ ಅದಕ್ಕಿಂತ ಒಳ್ಳೆಯ ಊಟ ಬೇರೆ ಬೇಕಿಲ್ಲ. ಅದಕ್ಕೆ ಬೇಕಾದ ಬಹುತೇಕ ಎಲ್ಲವೂ ನಿಮ್ಮ ಹೊಲದಲ್ಲಿಯೇ ಇದೆ.

ಬೇಸಾಯಶಾಸ್ತ್ರದವರಿಗೆ ಅಡುಗೆಮನೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಈ ಊಟದಲ್ಲಿ ಎರಡು ಪದಾರ್ಥಗಳಿವೆ. ಒಂದು ಬೆಂಕಿಯನ್ನು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಕೋಳಿಯಲ್ಲಿ ರೋಗಾಣುಗಳಿದ್ದರೂ ಚೆನ್ನಾಗಿ ಬೆಂದರೆ ಅವು ಸಾಯುತ್ತವೆ. ಪಚಡಿಗೆ ಆ ರಕ್ಷಣೆ ಇಲ್ಲ. ಮಡಿಗೆ ಹಾಕಿದ ಗೊಬ್ಬರ, ಹಾಯಿಸಿದ ನೀರು, ಸಿಂಪಡಿಸಿದ ಔಷಧ ಇವುಗಳ ಗುಣದೋಷಗಳೆಲ್ಲ ನೇರವಾಗಿ ತಟ್ಟೆಗೆ ಬರುತ್ತವೆ. ಆದ್ದರಿಂದ ಪಚಡಿಯ ಸ್ವಚ್ಛತೆ ಅಡುಗೆಮನೆಯಲ್ಲಿ ಅಲ್ಲ, ಬಿತ್ತುವ ದಿನವೇ ಹೊಲದಲ್ಲಿ ಆರಂಭವಾಗುತ್ತದೆ. ಇಷ್ಟನ್ನು ಮನದಟ್ಟು ಮಾಡುವುದೇ ಈ ಲೇಖನದ ಉದ್ದೇಶ.

ಹಸಿ ಗೊಬ್ಬರ ಬೇಡ

ಕೋಳಿ ಗೊಬ್ಬರ ಬಹಳ ಸತ್ವಯುತವಾದುದು. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5ರಷ್ಟಿದ್ದರೆ ಕೋಳಿ ಗೊಬ್ಬರದಲ್ಲಿ ಸುಮಾರು ಶೇ. 3ರಷ್ಟಿರುತ್ತದೆ. ಹೀಗಾಗಿ ಗೂಡು ಬಳಿದ ಹಿಕ್ಕೆಯನ್ನು ಹಾಗೆಯೇ ಮೆಂತ್ಯದ ಮಡಿಗೆ ಚೆಲ್ಲುವ ರೂಢಿ ಕೆಲವೆಡೆ ಇದೆ. ಬೆಳೆ ಕಡುಹಸಿರಾಗಿ ಬರುತ್ತದೆ ನಿಜ. ಆದರೆ ಆರೋಗ್ಯವಾಗಿ ಕಾಣುವ ಕೋಳಿಯ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಇವು ಮನುಷ್ಯರಲ್ಲಿ ವಾಂತಿ, ಭೇದಿ, ಜ್ವರ ಉಂಟುಮಾಡುತ್ತವೆ. ಎಳೆಯ ಮಕ್ಕಳು, ಬಸುರಿಯರು ಮತ್ತು ವಯಸ್ಸಾದವರಿಗೆ ಇದು ಪ್ರಾಣಾಪಾಯಕ್ಕೂ ದಾರಿಯಾಗಬಹುದು.

ಹಸಿ ಗೊಬ್ಬರ ಹಾಕಿದ ಮೇಲೆ, ಮಣ್ಣಿಗೆ ತಾಗುವ ಬೆಳೆಯನ್ನು ಕೊಯ್ಯಲು ಕನಿಷ್ಠ 120 ದಿನ ಬಿಡಬೇಕೆಂಬುದು ಅಮೆರಿಕದ ಸಾವಯವ ಕೃಷಿ ನಿಯಮ. ನಮ್ಮ ಮೆಂತ್ಯ 25ರಿಂದ 30 ದಿನಕ್ಕೆ, ಮೂಲಂಗಿ 40ರಿಂದ 45 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಅಷ್ಟು ಅಂತರ ಬಿಡಲು ಸಾಧ್ಯವೇ ಇಲ್ಲ. ಆದ್ದರಿಂದ ಪಚಡಿಯ ಮಡಿಗೆ ಪೂರ್ತಿ ಕಳಿತ ಗೊಬ್ಬರವನ್ನು ಮಾತ್ರ ಹಾಕಬೇಕು.

ಕಳಿಯಿಸುವ ವಿಧಾನ ಸುಲಭ. ಕೋಳಿ ಹಿಕ್ಕೆಯಲ್ಲಿ ಸಾರಜನಕ ಹೆಚ್ಚು, ಕಬ್ಬಿನ ರವದಿಯಲ್ಲಿ ಇಂಗಾಲ ಹೆಚ್ಚು. ಎರಡನ್ನೂ ಕೂಡಿಸಿದರೆ ಸೂಕ್ಷ್ಮಜೀವಿಗಳಿಗೆ ಸರಿಯಾದ ಆಹಾರವಾಗುತ್ತದೆ. ಒಂದು ಬುಟ್ಟಿ ಹಿಕ್ಕೆಗೆ ಎರಡರಿಂದ ಮೂರು ಬುಟ್ಟಿ ಕತ್ತರಿಸಿದ ರವದಿ ಬೆರೆಸಿ, 3 ಅಡಿಗಿಂತ ಎತ್ತರವಾಗಿ ರಾಶಿ ಮಾಡಿರಿ. ಮುಷ್ಟಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಕೆಲವೇ ದಿನಗಳಲ್ಲಿ ರಾಶಿಯ ಒಳಭಾಗ 55 ಡಿಗ್ರಿ ಸೆಂ. ಅಥವಾ ಅದಕ್ಕೂ ಹೆಚ್ಚು ಕಾಯುತ್ತದೆ. ಈ ಕಾವೇ ರೋಗಾಣುಗಳನ್ನು ಕೊಲ್ಲುವುದು. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮೊದಲ 15 ದಿನಗಳಲ್ಲಿ ಐದು ಸಲ ತಿರುವಿ ಹಾಕಬೇಕು. ಮೂರು ತಿಂಗಳ ನಂತರ ದುರ್ವಾಸನೆ ಹೋಗಿ ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧವಾಯಿತೆಂದು ತಿಳಿಯಬೇಕು. ರವದಿಯನ್ನು ಸುಡುವುದಕ್ಕಿಂತ ಈ ಉಪಯೋಗ ಎಷ್ಟೋ ಮೇಲು.

ಪಚಡಿಯ ಮಡಿಗಳು

ಐದಾರು ಜನರ ಕುಟುಂಬಕ್ಕೆ 8 ಅಡಿ ಉದ್ದ, 4 ಅಡಿ ಅಗಲದ ನಾಲ್ಕೈದು ಮಡಿಗಳು ಸಾಕು. ಎಲ್ಲವನ್ನೂ ಒಂದೇ ದಿನ ಬಿತ್ತದೆ, ಮೆಂತ್ಯ ಮತ್ತು ಮೂಲಂಗಿಯನ್ನು 10 ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತಿದರೆ ಸದಾ ಎಳೆಯ ಪಲ್ಯೆ ಸಿಗುತ್ತದೆ. ಬೇಸಿಗೆಗೆ ಪೂಸಾ ಚೇತಕಿ ಮೂಲಂಗಿ ಒಗ್ಗುತ್ತದೆ. ಗಜ್ಜರಿಯನ್ನು ಮಳೆಗಾಲದ ಕೊನೆಗೆ ಬಿತ್ತಿದರೆ ಚಳಿಗಾಲದಲ್ಲಿ ಒಳ್ಳೆಯ ಬಣ್ಣ ಬರುತ್ತದೆ. ಸವತಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದರೆ ಕಾಯಿ ನೆಲಕ್ಕೆ ತಾಗುವುದಿಲ್ಲ.

ಕೆಳಗಿನ ಮಾತುಗಳನ್ನು ಮರೆಯಬಾರದು:

1. ಮಡಿಗಳಿಗೆ ಬೇಲಿ ಇರಲಿ. ಕೋಳಿಗಳು ಮಡಿಯಲ್ಲಿ ಕೆದರಿ ಹಿಕ್ಕೆ ಹಾಕಿದರೆ ಕಳಿತ ಗೊಬ್ಬರ ಹಾಕಿಯೂ ಪ್ರಯೋಜನವಿಲ್ಲ.

2. ಗಟಾರದ ನೀರನ್ನು ಎಂದೂ ಹಾಯಿಸಬೇಡಿ. ಕಾಲುವೆಯಲ್ಲಿ ದನಕರು ಮೈತೊಳೆಯುವುದರಿಂದ ಆ ನೀರನ್ನು ಎಲೆಗಳ ಮೇಲೆ ಚಿಮುಕಿಸದೆ ಬೋದಿನಲ್ಲಿ ಮಾತ್ರ ಹರಿಸಿರಿ. ಸಾಧ್ಯವಿದ್ದರೆ ಸೊಪ್ಪಿನ ಮಡಿಗೆ ಕೊಳವೆ ಬಾವಿಯ ನೀರನ್ನೇ ಕೊಡಿರಿ.

3. ಕೀಟಗಳ ಕಾಟ ಕಂಡರೆ ಶೇ. 5ರ ಬೇವಿನ ಬೀಜದ ಕಷಾಯ ಬಳಸಿರಿ. ಅರ್ಧ ಕಿಲೋ ಬೀಜದ ಪುಡಿಯನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಸೋಸಿ, ಒಟ್ಟು 10 ಲೀಟರ್ ಮಾಡಿ ಸಿಂಪಡಿಸಬೇಕು. ಆಮೇಲೆ ಒಂದು ವಾರ ಕೊಯ್ಯಬಾರದು. ಕಬ್ಬಿಗೋ ತಂಬಾಕಿಗೋ ತಂದು ಉಳಿದ ಔಷಧವನ್ನು ಪಲ್ಯೆಗೆ ಹೊಡೆಯುವುದು ಅಪಾಯಕರ. ಮೊನೊಕ್ರೊಟೊಫಾಸ್ ಅನ್ನು ಕಾಯಿಪಲ್ಯೆಗಳ ಮೇಲೆ ಬಳಸುವುದು 2005ರಿಂದಲೇ ನಿಷಿದ್ಧ.

4. ಹಿಂಗಾರಿ ಜೋಳದ ಹೊಲದಲ್ಲಿ ತಾನಾಗಿ ಬೆಳೆಯುವ ಹಕ್ಕರಕಿ ಪಚಡಿಗೆ ಬಲು ರುಚಿ. ಆದರೆ ಕಳೆನಾಶಕ ಹೊಡೆದ ಹೊಲದಿಂದ ಅಥವಾ ಅದರ ಬದುವಿನಿಂದ ಹಕ್ಕರಕಿಯನ್ನು ಕೀಳಬೇಡಿ. ಅಟ್ರಾಜಿನ್, 2,4-ಡಿ ಸಿಂಪಡಿಸಿದ ಕಬ್ಬಿನ ಸಾಲುಗಳಲ್ಲಿ ಎದ್ದ ಸೊಪ್ಪಿಗೂ ಇದೇ ಮಾತು.

ಯಾವ ಕೋಳಿ ಸುಡಲು ಯೋಗ್ಯ?

ಸುಡುವುದಕ್ಕೆ ಎಳೆಯ, ಸಣ್ಣ ಕೋಳಿಯೇ ಬೇಕು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ವಯಸ್ಸಾದಂತೆ ಸ್ನಾಯುಗಳನ್ನು ಬಂಧಿಸುವ ನಾರು ಗಟ್ಟಿಯಾಗುತ್ತದೆ. ಅದು ಕರಗಲು ನೀರಿನಲ್ಲಿ ಬಹಳ ಹೊತ್ತು ಬೇಯಬೇಕು. ಮೊಟ್ಟೆ ನಿಲ್ಲಿಸಿದ ಮುದಿ ಕೋಳಿ ಸಾರಿಗೆ ಸರಿ, ಕೆಂಡಕ್ಕೆ ಅಲ್ಲ. ಎರಡನೆಯದು, ಮಾಂಸದ ದಪ್ಪ ಎರಡು ಪಟ್ಟಾದರೆ ಒಳಗೆ ಕಾವು ಮುಟ್ಟಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕಾಗುತ್ತದೆ. ಹೀಗಾಗಿ ದೊಡ್ಡ ಕೋಳಿಯ ಹೊರಮೈ ಕರಕಾದರೂ ಎಲುಬಿನ ಬಳಿ ಹಸಿಯಾಗಿಯೇ ಉಳಿಯುತ್ತದೆ.

ಜೀವಂತ ತೂಕ 1ರಿಂದ 1.2 ಕಿಲೋ ಇರುವ ಹುಂಜ ಉತ್ತಮ. ಜವಾರಿ ಕೋಳಿ ಈ ತೂಕಕ್ಕೆ ಬರಲು ನಾಲ್ಕೈದು ತಿಂಗಳು ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗಾಗಿಯೇ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಅದಕ್ಕಿಂತ ಬೇಗ ಬೆಳೆಯುತ್ತವೆ.

ಇನ್ನೂ ಸಣ್ಣದು ಬೇಕೆನ್ನುವವರಿಗೆ ಜಪಾನಿ ಗೌಜಲಹಕ್ಕಿ ಇದೆ. ಇದು 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಿಂದ ಭಾರತಕ್ಕೆ ಬಂದ ಸಾಕು ಹಕ್ಕಿ. ಐದು ವಾರಕ್ಕೆ 180ರಿಂದ 200 ಗ್ರಾಂ ತೂಗುತ್ತದೆ. ಒಬ್ಬರಿಗೆ ಒಂದೆರಡು ಹಕ್ಕಿ ಸಾಕು. ಆದರೆ ಹೊಲದ ಕಾಡು ಗೌಜಲಹಕ್ಕಿಯನ್ನು ಬಲೆ ಹಾಕಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಸಾಕಣೆ ಕೇಂದ್ರದಿಂದ ರಸೀದಿ ಪಡೆದು ಕೊಂಡ ಹಕ್ಕಿಯನ್ನೇ ಬಳಸಿರಿ.

ಜಡ್ಡಾದ ಕೋಳಿಯನ್ನಾಗಲಿ, ಸತ್ತ ಕೋಳಿಯನ್ನಾಗಲಿ ‘ಬೆಂಕಿಗೆ ಹಾಕಿದರೆ ಎಲ್ಲ ಸರಿಹೋಗುತ್ತದೆ’ ಎಂದು ಬಳಸಬೇಡಿ. ಅಪಾಯ ತಿನ್ನುವುದರಲ್ಲಷ್ಟೇ ಅಲ್ಲ, ಕೊಯ್ಯುವ ಮತ್ತು ಪುಕ್ಕ ಕೀಳುವ ಕೈಗಳಿಗೂ ಇದೆ. 2006ರಲ್ಲಿ ನೆರೆಯ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಕೋಳಿ ಜ್ವರ ಕಾಣಿಸಿಕೊಂಡಿತ್ತು. ಕೋಳಿಗಳು ಒಮ್ಮೆಗೇ ಹಲವು ಸತ್ತರೆ ಅವುಗಳನ್ನು ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿರಿ. ಔಷಧ ಕೊಟ್ಟ ಕೋಳಿಯನ್ನು, ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಕೊಯ್ಯಬಾರದು.

ಸುಡುವ ಕ್ರಮ

ಕೊಯ್ಯುವ 8ರಿಂದ 10 ತಾಸು ಮೊದಲು ಕಾಳು ನಿಲ್ಲಿಸಿ, ನೀರು ಮಾತ್ರ ಕೊಡಿರಿ. ಕರುಳು ಬರಿದಾಗಿದ್ದರೆ ಸೀಳುವಾಗ ಮಾಂಸ ಹೊಲಸಾಗುವುದಿಲ್ಲ. ರಕ್ತ ಪೂರ್ತಿ ಇಳಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತು, ಉಳಿದ ಕೂದಲನ್ನು ಉರಿಯ ಮೇಲೆ ಹಿಡಿದು ಸುಡಬೇಕು. ಪಿತ್ತದ ಚೀಲ ಒಡೆಯದಂತೆ ಕರುಳು ತೆಗೆದು, ಒಳಭಾಗವನ್ನು ಒಮ್ಮೆ ಚೆನ್ನಾಗಿ ತೊಳೆಯಿರಿ. ಈ ಕೆಲಸ ಅಡುಗೆಮನೆಯಿಂದ ಮತ್ತು ಕುಡಿಯುವ ನೀರಿನಿಂದ ದೂರ ನಡೆಯಲಿ, ಏಕೆಂದರೆ ಸಿಡಿಯುವ ಹನಿಯಲ್ಲಿಯೂ ರೋಗಾಣುಗಳಿರುತ್ತವೆ.

ಬೆನ್ನೆಲುಬಿನ ಉದ್ದಕ್ಕೂ ಕತ್ತರಿಸಿ, ಎದೆಯನ್ನು ಅಂಗೈಯಿಂದ ಒತ್ತಿ ಕೋಳಿಯನ್ನು ಚಪ್ಪಟೆ ಮಾಡಿರಿ. ದಪ್ಪ ಕಡಿಮೆಯಾಗಿ ಎಲ್ಲೆಡೆ ಸಮನಾಗಿ ಬೇಯುತ್ತದೆ. ತೊಡೆಯಲ್ಲಿ ಎರಡು ಗೀರು ಹಾಕಿರಿ. ಒಂದು ಕೋಳಿಗೆ ಎರಡು ಚಮಚ ಶುಂಠಿ-ಬೆಳ್ಳುಳ್ಳಿ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಅರಿಷಿಣ, ಒಂದು ಚಮಚ ಹುರಿದ ಜೀರಿಗೆ ಪುಡಿ, ಅರ್ಧ ಬಟ್ಟಲು ಮೊಸರು, ತಕ್ಕಷ್ಟು ಉಪ್ಪು, ಎರಡು ಚಮಚ ಕುಸುಬಿ ಅಥವಾ ಶೇಂಗಾ ಎಣ್ಣೆ ಸಾಕು. ಮಸಾಲೆ ಸವರಿ ಎರಡು ತಾಸು ತಂಪುಪೆಟ್ಟಿಗೆಯಲ್ಲಿಡಿ. ತಂಪುಪೆಟ್ಟಿಗೆ ಇಲ್ಲದವರು ಅರ್ಧ ತಾಸಿಗಿಂತ ಹೆಚ್ಚು ಇಡದೆ ಸುಡುವುದು ಒಳ್ಳೆಯದು.

ಜಾಲಿ ಕಟ್ಟಿಗೆಯ ಕೆಂಡ ಒಳ್ಳೆಯದು. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಉರಿಸಬಾರದು. ಉರಿ ಇಳಿದು ಕೆಂಡದ ಮೇಲೆ ಬೂದಿ ಕಂಡಾಗ ಅದನ್ನು ಎರಡು ಬದಿಗೆ ಸರಿಸಿ, ಒಂದು ಗೇಣು ಎತ್ತರದಲ್ಲಿ ಜಾಳಿಗೆಯನ್ನಿಟ್ಟು, ಎಲುಬಿನ ಮಗ್ಗುಲನ್ನು ಕೆಳಗೆ ಮಾಡಿ ಕೋಳಿಯನ್ನಿಡಿ. ಕೊಬ್ಬು ನೇರವಾಗಿ ಕೆಂಡದ ಮೇಲೆ ಬೀಳದಿದ್ದರೆ ಹಾನಿಕರ ಹೊಗೆ ಕಡಿಮೆಯಾಗುತ್ತದೆ. ಆಗಾಗ ಹೊರಳಿಸುತ್ತಿದ್ದರೆ ಸಣ್ಣ ಹುಂಜ 40ರಿಂದ 50 ನಿಮಿಷಗಳಲ್ಲಿ, ಗೌಜಲಹಕ್ಕಿ ಸುಮಾರು 15 ನಿಮಿಷಗಳಲ್ಲಿ ಬೇಯುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾಡಬೇಡಿ, ಅದರ ವಿಷಾನಿಲ ಪ್ರಾಣ ತೆಗೆಯಬಲ್ಲದು.

ಹೊರಗಿನ ಬಣ್ಣವನ್ನು ನಂಬಬಾರದು. ತೊಡೆಯ ದಪ್ಪ ಭಾಗವನ್ನು ಎಲುಬಿನವರೆಗೆ ಚುಚ್ಚಿದಾಗ ಬರುವ ರಸ ತಿಳಿಯಾಗಿರಬೇಕು, ಮಾಂಸ ಕೆಂಪಾಗಿರಬಾರದು. ಅಡುಗೆಯ ಥರ್ಮಾಮೀಟರ್ ಇದ್ದರೆ ಅದೇ ಖಚಿತ ಪರೀಕ್ಷೆ: ಅಲ್ಲಿ 74 ಡಿಗ್ರಿ ಸೆಂ. ತೋರಿಸಬೇಕು. ಇಳಿಸಿದ ಮೇಲೆ 10 ನಿಮಿಷ ಬಿಟ್ಟು ಕತ್ತರಿಸಿದರೆ ರಸ ಮಾಂಸದಲ್ಲಿಯೇ ಉಳಿಯುತ್ತದೆ.

ಪಚಡಿ ಮಾಡುವ ಬಗೆ

ಐದಾರು ಜನರಿಗೆ ಎರಡು ಎಳೆ ಮೂಲಂಗಿ, ಎರಡು ಗಜ್ಜರಿ, ಎರಡು ಸವತಿಕಾಯಿ, ಒಂದು ಉಳ್ಳಾಗಡ್ಡಿ, ಒಂದು ಸಿವುಡು ಮೆಂತ್ಯ ಅಥವಾ ಹಕ್ಕರಕಿ ತೆಗೆದುಕೊಳ್ಳಿರಿ. ಬೇರು, ಮಣ್ಣು, ಹಳದಿ ಎಲೆ ತೆಗೆದು ಮೂರು ನೀರಿನಲ್ಲಿ ತೊಳೆಯಿರಿ. ಕೊನೆಯ ನೀರು ಕುದಿಸಿ ಆರಿಸಿದ್ದಾಗಿರಲಿ. ಉಪ್ಪುನೀರಿನಲ್ಲಿ ನೆನೆಯಿಟ್ಟರೆ ಹುಳುಗಳು ಬಿಡುತ್ತವೆಯೇ ಹೊರತು ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಲಿಂಬೆಹಣ್ಣಿನ ಹುಳಿಯೂ ಅಷ್ಟೇ. ಹೊಲದಲ್ಲಿ ಸೇರಿದ ಹೊಲಸನ್ನು ಬಟ್ಟಲಿನಲ್ಲಿ ಪೂರ್ತಿ ತೆಗೆಯಲಾಗದು ಎಂದು ಮತ್ತೆ ಹೇಳುವುದು ಇದಕ್ಕಾಗಿಯೇ.

ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಎರಡು ಚಮಚ ಶೇಂಗಾ ಅಥವಾ ಗುರೆಳ್ಳು ಪುಡಿ, ಲಿಂಬೆರಸ ಬೆರೆಸಿ, ಸಾಸಿವೆಯ ಒಗ್ಗರಣೆ ಕೊಡಿರಿ. ಉಪ್ಪನ್ನು ಬಡಿಸುವಾಗ ಹಾಕಿದರೆ ನೀರು ಒಡೆಯುವುದಿಲ್ಲ. ಲಿಂಬೆಯ ಸಿ ಜೀವಸತ್ವವು ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರಲು ನೆರವಾಗುತ್ತದೆ.

ಬಹಳಷ್ಟು ಮನೆಗಳಲ್ಲಿ ಈಳಿಗೆ ಒಂದೇ ಇರುತ್ತದೆ. ಕೋಳಿ ಕತ್ತರಿಸಿದ ಈಳಿಗೆಯಲ್ಲಿಯೇ ಸವತಿಕಾಯಿ ಹೆಚ್ಚಿದರೆ ಇಷ್ಟೆಲ್ಲ ಎಚ್ಚರಿಕೆ ನೀರಿನಲ್ಲಿ ಹೋಮ ಮಾಡಿದಂತೆ. ಪಚಡಿಯನ್ನು ಮೊದಲು ಹೆಚ್ಚಿ ಮುಚ್ಚಿಡಿ, ಆಮೇಲೆ ಕೋಳಿಗೆ ಕೈಹಾಕಿರಿ. ಇಲ್ಲವೇ ಈಳಿಗೆ, ಮಣೆ, ಕೈಗಳನ್ನು ಸಾಬೂನು ಮತ್ತು ಬಿಸಿನೀರಿನಿಂದ ತೊಳೆಯಿರಿ. ಹಸಿ ಕೋಳಿ ಇಟ್ಟಿದ್ದ ತಟ್ಟೆಯಲ್ಲಿ ಸುಟ್ಟ ಕೋಳಿಯನ್ನು ಬಡಿಸಬೇಡಿ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಕೋಳಿ, ಇನ್ನೊಬ್ಬರು ಪಚಡಿ ನೋಡಿಕೊಳ್ಳುವುದು ಸುಲಭವಾದ ಉಪಾಯ. ಅಡುಗೆ ಬಡಿಸಲು ತಯಾರಾದ ಮೇಲೆ ಎರಡು ತಾಸಿನೊಳಗೆ, ಕಡುಬೇಸಿಗೆಯಲ್ಲಿ ಒಂದೇ ತಾಸಿನೊಳಗೆ ಊಟ ಮುಗಿಯಲಿ. ಉಳಿದ ಪಚಡಿಯನ್ನು ರಾತ್ರಿಗೆ ಇಡದೆ ದನಕ್ಕೆ ಹಾಕಿರಿ.

ಗೊಬ್ಬರ, ಬೀಜ ಮತ್ತು ಹಿತ್ತಲ ಕೋಳಿ ಸಾಕಣೆಯ ಬಗ್ಗೆ ಹೆಚ್ಚಿನ ಮಾಹಿತಿ ಬೇಕಾದವರು ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಮುಂದಿನ ಸಲ ಗೂಡು ಬಳಿದಾಗ ಆ ಬುಟ್ಟಿಯನ್ನು ಮೆಂತ್ಯದ ಮಡಿಗೆ ಒಯ್ಯದೆ ರವದಿಯ ರಾಶಿಗೆ ಒಯ್ಯಿರಿ. ಮೂರು ತಿಂಗಳ ಬಳಿಕ ಅದೇ ಗೊಬ್ಬರ ಮಡಿಗೆ ಬರಲಿ. ಆಗ ಅಲ್ಲಿಂದ ಕಿತ್ತ ಎಳೆಯ ಮೂಲಂಗಿಯನ್ನು ಮಕ್ಕಳ ಕೈಗೆ ಕೊಡಲು ನೀವು ಹಿಂಜರಿಯಬೇಕಾಗಿಲ್ಲ.