ಪೊರೆಯಲ್ಲಿ ಬರೆದಿಟ್ಟ ರೋಗ

ಹಾವು ಕಳಚಿಟ್ಟು ಹೋದ ಪೊರೆಗೂ ರೋಗನಿದಾನದ ಬೆಲೆಯುಂಟೆಂಬುದನ್ನು 2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದು ತೋರಿಸಿಕೊಟ್ಟಿತು. ಬ್ರಿಟನ್ ಮತ್ತು ಝೆಕ್ ಗಣರಾಜ್ಯದಲ್ಲಿ 2010ರಿಂದ 2016ರವರೆಗೆ ಸಂಗ್ರಹಿಸಿದ ಕಾಡುಹಾವುಗಳ 33 ಕಳೇಬರಗಳನ್ನೂ 303 ಪೊರೆಗಳನ್ನೂ ಪರೀಕ್ಷಿಸಿದಾಗ, 26 ಮಾದರಿಗಳಲ್ಲಿ ಒಫಿಡಿಯೊಮೈಸಿಸ್ ಒಫಿಡಿಯಿಕೋಲ ಎಂಬ ಶಿಲೀಂಧ್ರ, ಅಂದರೆ ಬೂಸ್ಟಿನ ವರ್ಗದ ಸೂಕ್ಷ್ಮಜೀವಿ, ಪತ್ತೆಯಾಯಿತು. ಅಲ್ಲಿಯವರೆಗೆ ಅದು ಉತ್ತರ ಅಮೆರಿಕದ ಕಾಡುಹಾವುಗಳ ಪಿಡುಗೆಂದೇ ಹೆಸರಾಗಿತ್ತು. ನ್ಯೂ ಹ್ಯಾಂಪ್‌ಶೈರ್‌ನ ಬುಡುಬುಡಿಕೆ ಹಾವುಗಳಲ್ಲಿ 2006ರ ಸುಮಾರಿಗೆ ರೋಗ ಗಮನ ಸೆಳೆದಿತ್ತಾದರೂ, ಶಿಲೀಂಧ್ರಕ್ಕೆ 2009ರಲ್ಲಿ ವೈಜ್ಞಾನಿಕ ಹೆಸರು ದೊರೆತದ್ದು ಜಾರ್ಜಿಯಾ ರಾಜ್ಯದಲ್ಲಿ ಪೆಟ್ಟಿಗೆಯೊಳಗೆ ಸಾಕಿದ್ದ ಕಪ್ಪು ಇಲಿಹಾವೊಂದರಿಂದ ಎಂಬುದು ಹಾವು ಸಾಕುವವರು ನೆನಪಿಡಬೇಕಾದ ಸಂಗತಿ.

ಪೊರೆಯ ವಿಚಾರ ಇನ್ನಷ್ಟು ವಿಚಿತ್ರ. ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಗಡುಸು ಪ್ರೋಟೀನೇ ಹಾವಿನ ಹೊರಚರ್ಮದಲ್ಲೂ ಇದ್ದು, ಈ ಶಿಲೀಂಧ್ರಕ್ಕೆ ಅದೇ ಆಹಾರ. ಸಾಕಿದ ಕಾರ್ನ್ ಸ್ನೇಕ್‌ಗಳಿಗೆ ಉದ್ದೇಶಪೂರ್ವಕವಾಗಿ ಸೋಂಕು ತಗುಲಿಸಿದ 2015ರ ಪ್ರಯೋಗದಲ್ಲಿ, ಚರ್ಮ ಊದಿ ಹಕ್ಕಳೆಗಟ್ಟಿದ ಹಾವುಗಳು ಪದೇ ಪದೇ ಪೊರೆ ಬಿಟ್ಟವು. ರೋಗ ಹತ್ತಿದ ಅಂಗಿಯನ್ನೇ ಕಳಚಿ ಎಸೆಯುವ ಈ ಉಪಾಯಕ್ಕೆ ಸಮನಾದ ಔಷಧವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲವೆಂದರೆ ಉತ್ಪ್ರೇಕ್ಷೆಯೇನೂ ಆಗದು. ಕನ್ನಡದಲ್ಲಿ ‘ಪೊರೆ’ ಎಂದರೆ ಕಳಚುವ ಪದರವೂ ಹೌದು, ಕಾಪಾಡು ಎಂಬ ಕ್ರಿಯೆಯೂ ಹೌದು. ಹಾವಿನ ಮಟ್ಟಿಗೆ ಈ ಎರಡು ಅರ್ಥಗಳೂ ಒಂದೇ. ಆದರೆ ಈ ರಕ್ಷಣೆಗೆ ಬೆಲೆ ತೆರಬೇಕಾಗುತ್ತದೆ: ಪೊರೆ ಬಿಡುವ ಹಾವು ಸಾಮಾನ್ಯವಾಗಿ ಮೇವು ಮುಟ್ಟುವುದಿಲ್ಲವಾದ್ದರಿಂದ, ಮತ್ತೆ ಮತ್ತೆ ಪೊರೆ ಬಿಡುವ ರೋಗಿ ಬಡಕಲಾಗುತ್ತದೆ.

ಪೊರೆ ಬಿಡುವ ಮುನ್ನ ಮೈ ಮಂಕಾಗಿ, ಕಣ್ಣು ಹಾಲುಬಣ್ಣಕ್ಕೆ ತಿರುಗಿ, ಕೆಲವು ದಿನಗಳಲ್ಲಿ ಮತ್ತೆ ತಿಳಿಯಾಗುವುದು ಸಹಜ ಕ್ರಿಯೆ. ಇದನ್ನು ಮುದುಕರ ಕಣ್ಣಿನ ಪೊರೆಯಂತೆ ಬಗೆದು ಹನಿಮದ್ದು ಹಾಕುವುದು ಅವಿವೇಕ. ಪೊರೆ ಮೂತಿಯಿಂದ ಬಾಲದವರೆಗೆ ಕಾಲುಚೀಲ ತಿರುವಿದಂತೆ ಇಡಿಯಾಗಿ ಬಂದಿದ್ದರೆ ಸಾಮಾನ್ಯವಾಗಿ ಆತಂಕಕ್ಕೆ ಕಾರಣವಿಲ್ಲ. ಅದನ್ನು ಬೆಳಕಿಗೆ ಹಿಡಿದಾಗ ಕಣ್ಣಿನ ಎರಡು ಪಾರದರ್ಶಕ ಬಿಲ್ಲೆಗಳು ಇಲ್ಲದಿದ್ದರೆ, ಅಲ್ಲಲ್ಲಿ ಚೂರಾಗಿದ್ದರೆ, ಹಳದಿ ಇಲ್ಲವೆ ಕಂದು ಬಣ್ಣದ ದಪ್ಪ ಕಲೆಗಳಿದ್ದರೆ, ಹಾವಿನ ಮೈಯನ್ನು ಅದೇ ಜಾಗದಲ್ಲಿ ಪರೀಕ್ಷಿಸುವುದು ಅಗತ್ಯ.

ಸಾಕುಹಾವುಗಳಲ್ಲಿ ಹೆಚ್ಚಾಗಿ ಕಾಣುವ ಸೋಂಕು ಮಾತ್ರ ಬೇರೆಯದು. ತೇವದ, ಮಲಿನವಾದ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯ ಶಲ್ಕಗಳು, ಅಂದರೆ ಹುರುಪೆಗಳು, ಮೊದಲು ಕೆಂಪಾಗಿ, ನೀರುಗುಳ್ಳೆ ಎದ್ದು, ಒಡೆದು ಕೊಳೆಯುತ್ತವೆ; ಸೂಡೊಮೊನಾಸ್, ಏರೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಆ ಬಿರುಕಿನಿಂದ ರಕ್ತಕ್ಕಿಳಿದರೆ ಸಾವು ಸಂಭವಿಸಬಹುದು. ಕಾದ ಹೀಟರಿನ ಸುಟ್ಟಗಾಯವೂ ಹೊಟ್ಟೆಯಲ್ಲೇ ಕಾಣಿಸುವುದರಿಂದ ಗೊಂದಲವಾಗುತ್ತದೆ. ನೀರಿನ ಬಟ್ಟಲಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಸತ್ತು ತೇಲುತ್ತಿದ್ದರೆ ಅವು ರಕ್ತ ಹೀರುವ ನುಸಿಗಳು; ಸೋಂಕನ್ನು ಸಾಗಿಸುವ ಇವು ತೆಂಗಿನ ನುಸಿಯ ದೂರದ ಬಂಧುಗಳು.

ಚಿಕಿತ್ಸೆ ಆರಂಭವಾಗಬೇಕಾದದ್ದು ಪೆಟ್ಟಿಗೆಯಿಂದ. ಹಾಸನ್ನೆಲ್ಲ ತೆಗೆದು ಬಿಳಿ ಕಾಗದ ಹರಡಿ, ದಿನವೂ ಬದಲಿಸುತ್ತ, ಬಾಲ್ ಪೈಥಾನ್‌ನಂಥ ಹಾವಿಗೆ ಒಂದು ತುದಿಯಲ್ಲಿ 31–32 ಡಿಗ್ರಿ ಸೆಲ್ಸಿಯಸ್ ಶಾಖ ಒದಗಿಸಿದರೆ, ಶೀತರಕ್ತದ ಪ್ರಾಣಿಯ ರೋಗನಿರೋಧಕ ಶಕ್ತಿ ಸರಿಯಾಗಿ ಕೆಲಸ ಮಾಡತೊಡಗುತ್ತದೆ. ಹಾಲಿಲ್ಲದ ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ಗಾಯವನ್ನು ತೊಳೆದು, ಚೆನ್ನಾಗಿ ಒಣಗಿಸಿ, ವೈದ್ಯರು ಹೇಳಿದರೆ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ಹಚ್ಚುವುದು ರೂಢಿ. ಅರಿಶಿನ ಬೆರೆಸಿದ ಕೊಬ್ಬರಿಎಣ್ಣೆಯ ಮೇಲಿನ ಭಕ್ತಿಯನ್ನು ಇಲ್ಲಿ ಬದಿಗಿಡುವುದೇ ಒಳ್ಳೆಯದು, ಏಕೆಂದರೆ ಎಣ್ಣೆಯ ಪದರ ಗಾಯದ ತೇವವನ್ನು ಒಳಗೇ ಹಿಡಿದಿಡುತ್ತದೆ.

ಗುಳ್ಳೆಗಳು ಹರಡಿದರೆ, ಮುಖ ಊದಿದರೆ, ಹಾವು ಬಾಯಿ ತೆರೆದು ಉಸಿರಾಡಿದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರೇ ಬೇಕು. ಅವರು ಚರ್ಮದ ಚೂರನ್ನು ಪರೀಕ್ಷೆಗೆ ಕಳುಹಿಸಿ, ಬ್ಯಾಕ್ಟೀರಿಯಾ ಆದರೆ ಸೆಫ್ಟಾಜಿಡಿಮ್‌ನಂಥ ಔಷಧವನ್ನು 72 ಗಂಟೆಗೊಮ್ಮೆ, ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವ ಕಾರಣ ದೇಹದ ಮುಂಭಾಗಕ್ಕೇ ಚುಚ್ಚುತ್ತಾರೆ. ಶಿಲೀಂಧ್ರವಾದರೆ ಟರ್ಬಿನಫಿನ್‌ನಂಥ ಔಷಧಗಳಿಂದ ದೀರ್ಘ ಚಿಕಿತ್ಸೆ ನಡೆಯುತ್ತದೆ. ರೋಗಿಯ ಪೊರೆಯಲ್ಲೂ ಶಿಲೀಂಧ್ರ ಉಳಿದಿರಬಹುದಾದ್ದರಿಂದ, ಅದನ್ನು ಇತರ ಹಾವುಗಳಿಂದ ದೂರವಿಟ್ಟು ವಿಲೇವಾರಿ ಮಾಡಬೇಕು.

ಕರ್ನಾಟಕದಲ್ಲಿ ನಾಗರ, ಕೇರೆ, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. 2022ರ ತಿದ್ದುಪಡಿಯ ನಂತರ ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳಿಗೂ ನೋಂದಣಿ ಬೇಕು. ಕಾಗದಪತ್ರ ಸರಿಯಿರುವ ಸಾಕಣೆದಾರರು ಪ್ರತಿಯೊಂದು ಪೊರೆಗೂ ದಿನಾಂಕ ಬರೆದು, ಬೆಳಕಿಗೆ ಹಿಡಿದು ನೋಡುವ ರೂಢಿ ಬೆಳೆಸಿಕೊಂಡರೆ, ನರಳಲು ದನಿಯಿಲ್ಲದ ಪ್ರಾಣಿಯ ಕಾಯಿಲೆ ಮುಂದಿನ ಪೊರೆಯವರೆಗೆ ಅಡಗಿರಲಾರದು.